ಐದನೇ ಸ್ಟಾರ್ ಎಲ್ಲಿಂದ ಬಂತು?



ನಾಳೆ ಆಯುಧಪೂಜೆ. ಇವತ್ತು ಸಂಜೆ ಸ್ಟುಡಿಯೋಗೆ ಬರುವಾಗ ದಾರಿಯುದ್ದಕ್ಕೂ ಕುಂಬಳಕಾಯಿ ರಾಶಿ, ಬಾಳೆಕಂದು, ಸೇವಂತಿಗೆ ಮಾರು. ಅದಕ್ಕಿಂತ ದೊಡ್ಡ ರಶ್ ಎಲ್ಲಿತ್ತು ಗೊತ್ತಾ? ಕಾರ್ ಶೋರೂಮ್‌ಗಳ ಮುಂದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಕಡಿಮೆಯಾಗಿದೆ. ಎರಡು ವರ್ಷದಿಂದ "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಅಂತಿದ್ದ ಕುಟುಂಬಗಳೆಲ್ಲ ಈ ಹಬ್ಬಕ್ಕೆ ಕಾರು ಮನೆಗೆ ತರ್ತಿವೆ. ಒಳ್ಳೆಯದು. ಮಧ್ಯಮ ವರ್ಗದ ಮನೆಗೆ ಹೊಸ ಕಾರು ಬರೋದು ಅಂದ್ರೆ ಅದು ಒಂದು ಸಣ್ಣ ಗೃಹಪ್ರವೇಶದ ಹಾಗೆ. ಅದರ ಖುಷಿಗೆ ನಾನು ಕಲ್ಲು ಹಾಕಲ್ಲ.

ಆದರೆ ಒಂದು ವಿಷಯ ಹೇಳಲೇಬೇಕು. ಈ ಹದಿನೈದು ದಿನದಲ್ಲಿ ನನ್ನ ಫೋನಿಗೆ ಬಂದ ಮೆಸೇಜ್‌ಗಳಲ್ಲಿ ರಾಜಕೀಯಕ್ಕಿಂತ ಕಾರಿನ ಪ್ರಶ್ನೆಗಳೇ ಜಾಸ್ತಿ. "ಸರ್, ನೀವು ಇಂಜಿನಿಯರಿಂಗ್ ಓದಿದ್ದೀರಂತೆ, ಯಾವ ಕಾರು ತಗೊಳ್ಳೋಣ ಹೇಳಿ." ಹೌದು ಸ್ವಾಮಿ, ನಾನು ಓದಿದ್ದು ಮೆಕ್ಯಾನಿಕಲ್. ಲೇತ್ ಮಷೀನ್ ಮುಂದೆ ನಿಲ್ಲಬೇಕಾದವನು ಕ್ಯಾಮೆರಾ ಮುಂದೆ ನಿಂತಿದ್ದೀನಿ, ಅದು ಬೇರೆ ಕಥೆ. ಅವರು ಕೇಳುವ ಪ್ರಶ್ನೆ ನೋಡಿ. ಮೊದಲನೇ ಪ್ರಶ್ನೆ: ಸನ್‌ರೂಫ್ ಇದೆಯಾ? ಎರಡನೇದು: ಟಚ್‌ಸ್ಕ್ರೀನ್ ಎಷ್ಟು ಇಂಚು? ಮೂರನೇದು: ಮೈಲೇಜ್ ಎಷ್ಟು ಕೊಡುತ್ತೆ? ನಾಲ್ಕನೇದು, ಅದೂ ಎಲ್ಲರೂ ಕೇಳಲ್ಲ: ಎಷ್ಟು ಸ್ಟಾರ್?

ಇವತ್ತು ಆ ನಾಲ್ಕನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ಅದಕ್ಕೆ ಒಂದೇ ಒಂದು ಕಾರನ್ನು ಉದಾಹರಣೆಗೆ ತಗೊಳ್ಳೋಣ. ಟಾಟಾ ನೆಕ್ಸಾನ್. ಇದು ಜಾಹೀರಾತಲ್ಲ, ಮೊದಲೇ ಹೇಳಿಬಿಡ್ತೀನಿ. ಬ್ರೆಝಾ ಇದೆ, ವೆನ್ಯೂ ಇದೆ, ಸೋನೆಟ್ ಇದೆ, ನಿಮಗೆ ಯಾವುದು ಇಷ್ಟವೋ ಅದನ್ನ ತಗೊಳ್ಳಿ. ನೆಕ್ಸಾನ್ ಯಾಕೆ ಅಂದ್ರೆ, ಇಷ್ಟು ವರ್ಷದಲ್ಲಿ ಈ ಕಾರಿಗೆ ಬಂದ ಒಂದೊಂದು ಅಪ್‌ಡೇಟ್ ನೋಡ್ತಾ ಹೋದರೆ, ನಾವು ಭಾರತೀಯರು ಕಾರಿನಲ್ಲಿ ಏನನ್ನು ನೋಡ್ತೀವಿ, ಏನನ್ನು ನೋಡಲ್ಲ ಅನ್ನೋದು ಸ್ಪಷ್ಟವಾಗುತ್ತೆ.

ಮೊದಲು ಈ ಕಾಂಪ್ಯಾಕ್ಟ್ ಎಸ್‌ಯುವಿ ಅಂದ್ರೆ ಏನು? ನೋಡೋಕೆ ಜೀಪಿನ ಹಾಗೆ ಎತ್ತರ, ಎದೆಯುಬ್ಬಿಸಿದ ಮುಖ, ದಪ್ಪ ಚಕ್ರ. ಒಳಗೆ ಮಾತ್ರ ಅದು ಸಾಮಾನ್ಯ ಕಾರೇ. ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳಿಗೆ ಕೆಳಗಡೆ ಲಾರಿಗಿರುವ ಹಾಗೆ ಏಣಿ ಆಕಾರದ ಚಾಸಿ ಇರುತ್ತೆ, ಅದರ ಮೇಲೆ ಬಾಡಿ ಕೂರಿಸಿರ್ತಾರೆ. ನೆಕ್ಸಾನ್ ಥರದ ಗಾಡಿಗಳಲ್ಲಿ ಚಾಸಿ, ಬಾಡಿ ಎಲ್ಲ ಒಂದೇ ಚಿಪ್ಪು. ಇಂಜಿನಿಯರಿಂಗ್ ಭಾಷೆಯಲ್ಲಿ ಮಾನೊಕಾಕ್. ಶಕ್ತಿ ಹೋಗೋದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ನೆಕ್ಸಾನ್‌ಗೆ ಫೋರ್ ವೀಲ್ ಡ್ರೈವ್ ಇಲ್ಲವೇ ಇಲ್ಲ. ಕಾರಿನ ಮೈ, ಜೀಪಿನ ವೇಷ. ಅದಕ್ಕೇ ಇದನ್ನು ಕ್ರಾಸ್‌ಓವರ್ ಅನ್ನೋದು. ನಮ್ಮ ರಸ್ತೆಗೆ ಅದು ಸರಿಯಾಗೇ ಇದೆ. ನೆಲದಿಂದ 208 ಮಿಲಿಮೀಟರ್ ಎತ್ತರ. ನಮ್ಮ ಬಡಾವಣೆಗಳ ಹಂಪುಗಳಿಗೆ ಹೊಟ್ಟೆ ತಾಗಲ್ಲ.

ಇನ್ನು ಉದ್ದ. ಎಷ್ಟು ಗೊತ್ತಾ? 3,995 ಮಿಲಿಮೀಟರ್. ಯಾಕೆ ನಾಲ್ಕು ಮೀಟರ್ ಪೂರ್ತಿ ಮಾಡಲಿಲ್ಲ? ಯಾಕೆ 5 ಮಿಲಿಮೀಟರ್, ಅಂದ್ರೆ ಒಂದು ಹೆಸರುಕಾಳಿನಷ್ಟು, ಕಡಿಮೆ ಮಾಡಿದ್ರು? ಉತ್ತರ ದೆಹಲಿಯಲ್ಲಿದೆ. 2006ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟ್‌ಗೆ ಇಳಿಸಿದ್ರು. ಸಣ್ಣ ಕಾರು ಅಂದ್ರೆ ಯಾವುದು? ಉದ್ದ 4,000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ ಮೀರಬಾರದು, ಡೀಸೆಲ್ ಆದರೆ 1,500 ಸಿಸಿ. ಅವತ್ತಿನಿಂದ ನಮ್ಮ ದೇಶದಲ್ಲಿ ಕಾರಿನ ಅಳತೆ ತೆಗೆಯೋದು ಇಂಜಿನಿಯರ್ ಒಬ್ಬನೇ ಅಲ್ಲ, ಟ್ಯಾಕ್ಸ್ ಪುಸ್ತಕವೂ ತೆಗೆಯುತ್ತೆ. ನೆಕ್ಸಾನ್ ಪೆಟ್ರೋಲ್ ಇಂಜಿನ್ 1,199 ಸಿಸಿ. ಡೀಸೆಲ್ 1,497 ಸಿಸಿ. ಗೆರೆ ಮುಟ್ಟದ ಹಾಗೆ ಗೆರೆಯ ಪಕ್ಕದಲ್ಲೇ ನಿಂತಿದೆ. ಈಗ ಬಂದಿರುವ ಜಿಎಸ್‌ಟಿ ಕಡಿತಕ್ಕೂ ಗೆರೆ ಅದೇ. ಮೊದಲು ಸೆಸ್ ಸೇರಿ ಪೆಟ್ರೋಲ್‌ಗೆ 29, ಡೀಸೆಲ್‌ಗೆ 31 ಪರ್ಸೆಂಟ್ ಇತ್ತು. ಈಗ ಎರಡಕ್ಕೂ 18.

ಸರಿ, ಈಗ ಕಾರಿನ ಜಾತಕಕ್ಕೆ ಬರೋಣ. ದೆಹಲಿ ಆಟೋ ಎಕ್ಸ್‌ಪೋದಲ್ಲಿ 2014ರಲ್ಲಿ ನೆಕ್ಸಾನ್ ಮೊದಲು ಕಾಣಿಸಿಕೊಂಡಿದ್ದು, ಕಾನ್ಸೆಪ್ಟ್ ರೂಪದಲ್ಲಿ. ಮಾರಾಟಕ್ಕೆ ಬಂದಿದ್ದು 2017ರ ಸೆಪ್ಟೆಂಬರ್‌ನಲ್ಲಿ. ತಯಾರಾಗೋದು ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ. ಆಗ ಎಲ್ಲರೂ ಮಾತಾಡಿದ್ದು ಏನು? ಡ್ಯಾಶ್‌ಬೋರ್ಡ್ ಮೇಲೆ ತೇಲುವ ಹಾಗೆ ನಿಂತ ಆರೂವರೆ ಇಂಚಿನ ಸ್ಕ್ರೀನ್, ಇಕೋ, ಸಿಟಿ, ಸ್ಪೋರ್ಟ್ ಅನ್ನೋ ಮೂರು ಡ್ರೈವ್ ಮೋಡ್, ಕಿಟಕಿ ಕೆಳಗೆ ಎಳೆದ ಬಿಳಿ ಪಟ್ಟಿ. ಎಲ್ಲ ಮಾಡೆಲ್‌ನಲ್ಲೂ ಮುಂದೆ ಎರಡು ಏರ್‌ಬ್ಯಾಗ್, ಎಬಿಎಸ್ ಇತ್ತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ, ಯಾಕಂದ್ರೆ ಚಾಲಕನ ಏರ್‌ಬ್ಯಾಗ್ ದೇಶದಲ್ಲಿ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಆದರೆ ಶೋರೂಮಿನಲ್ಲಿ ಯಾರೂ ಅದನ್ನ ಕೇಳಲಿಲ್ಲ.

ಈಗ ಗಮನ ಇಟ್ಟು ಕೇಳಿ, ಕಥೆಯ ಮುಖ್ಯ ಭಾಗ ಇಲ್ಲಿದೆ.

2018ರ ಆಗಸ್ಟ್. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನೆಕ್ಸಾನ್ ಅನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿತು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗದ 40 ಪರ್ಸೆಂಟ್ ಮಾತ್ರ ತಡೆಗೋಡೆಗೆ ಬಡಿಯುವ ಹಾಗೆ ಗುದ್ದಿಸ್ತಾರೆ. ಎದುರು ಬಂದ ಕಾರು ಅರ್ಧಂಬರ್ಧ ತಾಗಿದ ಹಾಗೆ. ನಮ್ಮ ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಆಗೋದು ಅದೇ ಅಲ್ವಾ? ಫಲಿತಾಂಶ ಬಂತು: ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್. ಒಳ್ಳೆಯದೇ. ಆದರೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕೇ ತಿಂಗಳಲ್ಲಿ, 2018ರ ಡಿಸೆಂಬರ್‌ನಲ್ಲಿ, ಅದೇ ನೆಕ್ಸಾನ್‌ಗೆ ಐದು ಸ್ಟಾರ್ ಬಂತು. 17ಕ್ಕೆ 16.06 ಅಂಕ. ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು. ಪೇಪರ್, ಟಿವಿ ಎಲ್ಲ ಕಡೆ ಸುದ್ದಿ. ಎದೆಯುಬ್ಬಿಸಿಕೊಂಡು ನಾವೂ ಓದಿದ್ವಿ.

ಹಾಗಾದ್ರೆ ನಾಲ್ಕು ತಿಂಗಳಲ್ಲಿ ಆಗಿದ್ದೇನು? ಇಂಜಿನ್ ಬದಲಾಯಿತಾ? ಇಲ್ಲ. ಹೊರಗಿಂದ ನೋಡಿದರೆ ಅದೇ ಕಾರು. ಎರಡು ಕೆಲಸ ಆಗಿತ್ತು. ಒಂದು, ಪಕ್ಕದಿಂದ ಬೀಳುವ ಡಿಕ್ಕಿಗೆ ವಿಶ್ವಸಂಸ್ಥೆಯ ಮಾನದಂಡವನ್ನು ಪೂರೈಸಿದ್ದು. ಇನ್ನೊಂದು, ಚಾಲಕ ಮತ್ತು ಪಕ್ಕದ ಸೀಟು, ಎರಡಕ್ಕೂ ಸೀಟ್ ಬೆಲ್ಟ್ ಹಾಕಿಲ್ಲ ಅಂದ್ರೆ ಬಡಿದುಕೊಳ್ಳುವ ಎಚ್ಚರಿಕೆಯನ್ನು ಎಲ್ಲ ಮಾಡೆಲ್‌ಗೂ ಕೊಟ್ಟಿದ್ದು.

ಟಿಂಗ್, ಟಿಂಗ್, ಟಿಂಗ್. ಇಂಥ ಸದ್ದು!

ಯೋಚನೆ ಮಾಡಿ ವೀಕ್ಷಕರೇ. ಪರೀಕ್ಷೆ ಮಾಡುವವರು ಒಂದು ಸದ್ದಿಗೆ ಯಾಕೆ ಅಂಕ ಕೊಡ್ತಾರೆ? ಯಾಕಂದ್ರೆ ಅವರು ಗುದ್ದಿಸುವ ಕಾರಿನೊಳಗೆ ಕೂರಿಸಿರುವ ಗೊಂಬೆಗಳೆಲ್ಲ ಬೆಲ್ಟ್ ಹಾಕಿರ್ತವೆ. ಆ ಐದು ಸ್ಟಾರ್ ಬೆಲ್ಟ್ ಹಾಕಿದ ಗೊಂಬೆಗೆ ಸಿಕ್ಕಿದ್ದು. ಬೆಲ್ಟ್ ಹಾಕದ ಮನುಷ್ಯನಿಗೆ ಅದರಲ್ಲಿ ಒಂದು ಸ್ಟಾರೂ ಇಲ್ಲ. ಹಾಗಾಗಿ ಕಾರೇ ತನ್ನ ಯಜಮಾನನಿಗೆ ನೆನಪಿಸಬೇಕು, ಅಪ್ಪಾ ಬೆಲ್ಟ್ ಹಾಕ್ಕೋ, ಇಲ್ಲದಿದ್ರೆ ನನ್ನ ಕೈಲಿ ನಿನ್ನ ಉಳಿಸೋಕಾಗಲ್ಲ ಅಂತ.

ಮುಂದಿನ ಅಪ್‌ಡೇಟ್ 2020ರ ಜನವರಿಯಲ್ಲಿ. ಹೊಸ ಮುಖ, ಬಿಎಸ್6 ಇಂಜಿನ್, ಜೊತೆಗೆ ಎಲೆಕ್ಟ್ರಿಕ್ ನೆಕ್ಸಾನ್. ಆಮೇಲಿನ ದೊಡ್ಡ ಬದಲಾವಣೆ 2023ರ ಸೆಪ್ಟೆಂಬರ್. ಆ ಪಟ್ಟಿ ಕೇಳಿ: 10.25 ಇಂಚಿನ ಟಚ್‌ಸ್ಕ್ರೀನ್, ಅಷ್ಟೇ ದೊಡ್ಡ ಡಿಜಿಟಲ್ ಮೀಟರ್, ಬೆಳಗುವ ಲೋಗೋ ಇರುವ ಎರಡು ಕಡ್ಡಿಯ ಸ್ಟೇರಿಂಗ್, ತಂಪು ಗಾಳಿ ಬರುವ ಸೀಟು, ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ, ಬಾಯಲ್ಲಿ ಹೇಳಿದ್ರೆ ತೆರೆಯುವ ಸನ್‌ರೂಫ್, ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಮಾಡೆಲ್ ಹೆಸರುಗಳೂ ಬದಲಾದವು. ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್. 2024ರ ಸೆಪ್ಟೆಂಬರ್‌ನಲ್ಲಿ ಸಿಎನ್‌ಜಿ ಬಂತು, ಅದೂ ಟರ್ಬೊ ಇಂಜಿನ್ ಜೊತೆ.

ಇದೆಲ್ಲ ಸರಿ. ಆದರೆ 2023ರ ಪಟ್ಟಿಯಲ್ಲಿ ಕೆಳಗಡೆ, ಸಣ್ಣ ಅಕ್ಷರದಲ್ಲಿ ಮೂರು ಸಾಲು ಇತ್ತು. ಎಲ್ಲ ಮಾಡೆಲ್‌ಗೂ ಆರು ಏರ್‌ಬ್ಯಾಗ್. ಎಲ್ಲ ಮಾಡೆಲ್‌ಗೂ ಇಎಸ್‌ಪಿ. ಐದೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್. "ಎಲ್ಲ ಮಾಡೆಲ್‌ಗೂ" ಅನ್ನೋ ಪದಕ್ಕೆ ಕೆಂಪು ಗೆರೆ ಎಳೆಯಿರಿ. ತಂಪು ಸೀಟು ಬೇಕಾದರೆ ನೀವು ಮೇಲಿನ ಮಾಡೆಲ್‌ಗೆ ದುಡ್ಡು ಕೊಡಬೇಕು. ಜೀವ ಉಳಿಸುವ ಸಾಮಾನು ಮಾತ್ರ ಬೇಸ್ ಮಾಡೆಲ್‌ಗೂ ಅದೇ, ಟಾಪ್ ಮಾಡೆಲ್‌ಗೂ ಅದೇ. ಹುಂಡೈ ಕೂಡ ಅದೇ ವರ್ಷ ತನ್ನ ಎಲ್ಲ ಕಾರಿಗೂ ಆರು ಏರ್‌ಬ್ಯಾಗ್ ಅಂತ ಘೋಷಿಸಿತು. ಬ್ರೆಝಾಗೆ 2025ರಲ್ಲಿ ಬಂತು. ಸರ್ಕಾರ ಆರು ಏರ್‌ಬ್ಯಾಗ್ ಕಡ್ಡಾಯ ಮಾಡ್ತೀವಿ ಅಂತ 2022ರಲ್ಲಿ ಹೇಳಿ, ಮುಂದೂಡಿ, ಕೊನೆಗೆ 2023ರಲ್ಲಿ ಬೇಡ ಅಂದುಬಿಟ್ಟಿತು. ಕಾನೂನು ಹಿಂದೆ ಸರಿದ ಮೇಲೂ ಮಾರುಕಟ್ಟೆ ಮುಂದೆ ಹೋಯಿತು. ಯಾಕೆ? ಗ್ರಾಹಕ ಕೇಳೋಕೆ ಶುರು ಮಾಡಿದ. ನಿಮ್ಮ ಆ ನಾಲ್ಕನೇ ಪ್ರಶ್ನೆಗೆ ಇರುವ ಶಕ್ತಿ ಅದು.

ಈ ಇಎಸ್‌ಪಿ ಅಂದ್ರೆ ಏನು ಅಂತ ಸೇಲ್ಸ್‌ನವರು ವಿವರಿಸಿ ಹೇಳೋದು ಕಡಿಮೆ. ಎತ್ತರದ ಗಾಡಿಯ ಭಾರದ ಕೇಂದ್ರವೂ ಎತ್ತರದಲ್ಲಿರುತ್ತೆ. ಮಳೆಯಲ್ಲಿ ಶಿರಾಡಿ ಘಾಟಿ ಇಳೀತಿದ್ದೀರಿ, ತಿರುವಿನಲ್ಲಿ ಎದುರಿಗೆ ಬಸ್ ಬಂತು, ಗಾಬರಿಯಾಗಿ ಸ್ಟೇರಿಂಗ್ ಎಳೆದ್ರಿ. ಗಾಡಿಯ ಬಾಲ ಒಂದು ಕಡೆ ಜಾರುತ್ತೆ. ಆಗ ಇಎಸ್‌ಪಿ ನಿಮ್ಮನ್ನ ಕೇಳದೆಯೇ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಗಾಡಿಯನ್ನು ನೇರ ಮಾಡೋಕೆ ನೋಡುತ್ತೆ. ನಾಲ್ಕು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಒತ್ತೋದು ಮನುಷ್ಯನ ಕಾಲಿಗೆ ಸಾಧ್ಯವಿಲ್ಲ. ಎತ್ತರದ ಗಾಡಿ ತಗೊಳ್ಳೋರಿಗೆ ಇದು ಸನ್‌ರೂಫಿಗಿಂತ ನೂರು ಪಾಲು ಮುಖ್ಯ.

ಈ ಹೊಸ ನೆಕ್ಸಾನ್ ಅನ್ನು ಗ್ಲೋಬಲ್ ಎನ್‌ಕ್ಯಾಪ್ ಇನ್ನೂ ಕಠಿಣವಾದ ಹೊಸ ನಿಯಮದ ಪ್ರಕಾರ ಪರೀಕ್ಷೆ ಮಾಡಿತು. 2024ರ ಫೆಬ್ರವರಿಯಲ್ಲಿ ಫಲಿತಾಂಶ: ದೊಡ್ಡವರಿಗೆ 34ಕ್ಕೆ 32.22. ಮಕ್ಕಳಿಗೆ 49ಕ್ಕೆ 44.52. ಎರಡಕ್ಕೂ ಐದು ಸ್ಟಾರ್. 2018ರಲ್ಲಿ ನಾವು ಐದು ಸ್ಟಾರ್ ಅಂತ ಕುಣಿದಾಡಿದೆವಲ್ಲ, ಆಗ ಮಕ್ಕಳ ರಕ್ಷಣೆಗೆ ಸಿಕ್ಕಿದ್ದು ಮೂರೇ ಸ್ಟಾರ್. ಅದು ಎಷ್ಟು ಜನರಿಗೆ ಗೊತ್ತಿತ್ತು? ಮಕ್ಕಳ ಸ್ಟಾರ್ ಬೇರೆ, ದೊಡ್ಡವರ ಸ್ಟಾರ್ ಬೇರೆ. ಹಿಂದಿನ ಸೀಟಿನಲ್ಲಿ ಮಗು ಕೂರಿಸೋರು ಎರಡನ್ನೂ ಕೇಳಬೇಕು.

ಈಗ ಸ್ವಲ್ಪ ಲೆಕ್ಕ. ಇಂಜಿನಿಯರ್ ಕೈಗೆ ಮೈಕ್ ಕೊಟ್ಟ ಮೇಲೆ ಲೆಕ್ಕ ಕೇಳಲೇಬೇಕು, ತಪ್ಪಿಸಿಕೊಳ್ಳೋಕಾಗಲ್ಲ.

64 ಕಿಲೋಮೀಟರ್ ವೇಗದಲ್ಲಿ ಹೋಗೋ ಮನುಷ್ಯ ಗೋಡೆಗೆ ಬಡಿಯೋದು, 16 ಮೀಟರ್ ಎತ್ತರದಿಂದ, ಅಂದ್ರೆ ಸುಮಾರು ಐದನೇ ಮಹಡಿಯಿಂದ ನೆಲಕ್ಕೆ ಬೀಳೋದಕ್ಕೆ ಸಮ. ವೇಗ 100 ಆದರೆ? ಎಂಟನೇ ಮಹಡಿ ಅಂದ್ಕೊಂಡ್ರಾ? ಅಲ್ಲ. 39 ಮೀಟರ್. ಹದಿಮೂರನೇ ಮಹಡಿ. ಯಾಕಂದ್ರೆ ಪೆಟ್ಟಿನ ಶಕ್ತಿ ಏರೋದು ವೇಗದ ವರ್ಗದ ಲೆಕ್ಕದಲ್ಲಿ. ಪರೀಕ್ಷೆ ನಡೆದಿದ್ದು 64ರಲ್ಲಿ. ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಇರೋದು 100. ಆ ನೂರರಲ್ಲೇ ಶಕ್ತಿ ಪರೀಕ್ಷೆಯದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆದ ಮೇಲೆ ಮಂಡ್ಯ, ರಾಮನಗರದ ಕಡೆಯಿಂದ ಬಂದ ಅಪಘಾತದ ಸುದ್ದಿಗಳನ್ನ ಇದೇ ಕುರ್ಚಿಯಲ್ಲಿ ಕೂತು ಓದಿದವನು ನಾನು. ಹೊಸ ಕಾರು, ಹೊಸ ರಸ್ತೆ, ಐದು ಸ್ಟಾರ್. ಈ ಮೂರನ್ನೂ ನಂಬಿ ವೇಗದ ಮುಳ್ಳನ್ನು 140ಕ್ಕೆ ಏರಿಸಿದರೆ ಭೌತಶಾಸ್ತ್ರ ಮುಲಾಜು ನೋಡಲ್ಲ.

ಏರ್‌ಬ್ಯಾಗ್ ಇದೆಯಲ್ಲ ಅಂತೀರಾ? ನಿಮ್ಮ ಕಾರಿನ ಏರ್‌ಬ್ಯಾಗ್ ಇರುವ ಜಾಗ ನೋಡಿ, ಎಸ್‌ಆರ್‌ಎಸ್ ಅಂತ ಮೂರಕ್ಷರ ಇರುತ್ತೆ. ಅದರ ಮೊದಲಕ್ಷರ ಸಪ್ಲಿಮೆಂಟಲ್. ಅಂದ್ರೆ ಪೂರಕ. ಯಾವುದಕ್ಕೆ ಪೂರಕ? ಬೆಲ್ಟ್‌ಗೆ. ಬೆಲ್ಟ್ ಊಟ, ಏರ್‌ಬ್ಯಾಗ್ ಉಪ್ಪಿನಕಾಯಿ. ಬೆಲ್ಟ್ ಇಲ್ಲದಿದ್ರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುವ ಆ ಚೀಲಕ್ಕೆ ನಿಮ್ಮ ಮುಖ ಎದುರಿನಿಂದ ಹೋಗಿ ಹೊಡೆಯುತ್ತೆ. ಕಾಪಾಡಬೇಕಾದ್ದೇ ಗಾಯ ಮಾಡುತ್ತೆ.

ಈಗ ನನ್ನ ಮನೆಯದೇ ಒಂದು ಕಥೆ ಹೇಳ್ತೀನಿ. ಎರಡು ವರ್ಷದ ಹಿಂದೆ ನಮ್ಮ ಸೋದರಮಾವ ನಿವೃತ್ತಿ ಹಣದಲ್ಲಿ ಒಂದು ಕಾಂಪ್ಯಾಕ್ಟ್ ಎಸ್‌ಯುವಿ ತಗೊಂಡ್ರು. ಯಾವ ಕಂಪನಿ ಅನ್ನೋದು ಬೇಡ, ಅದರ ತಪ್ಪೇನೂ ಇಲ್ಲ. ಯಾವ ಮಾಡೆಲ್ ತಗೊಳ್ಳಿ ಅಂತ ಹೇಳಿದ್ದೂ ನಾನೇ. ಸ್ಟಾರ್ ನೋಡಿ ಹೇಳಿದ್ದೆ. ಮಾರನೇ ವಾರ ರಸ್ತೆ ಬದಿಯ ಒಂದು ಆಕ್ಸೆಸರಿ ಅಂಗಡಿಯಲ್ಲಿ ಸೀಟ್ ಕವರ್ ಹಾಕಿಸಿದ್ರು. ಅಂಗಡಿಯವನು ಪ್ರೀತಿಯಿಂದ ಒಂದು ಜೊತೆ ಕ್ಲಿಪ್ ಫ್ರೀ ಕೊಟ್ಟ. ಬೆಲ್ಟಿನ ನಾಲಿಗೆಯ ಆಕಾರದ್ದೇ ಪುಟ್ಟ ಕಬ್ಬಿಣದ ತುಂಡು, ಮೇಲೆ ಹೊಳೆಯುವ ಲೋಗೋ. ಬಕಲ್ ಒಳಗೆ ಸಿಕ್ಕಿಸಿದರೆ ಸಾಕು, ಟಿಂಗ್ ಟಿಂಗ್ ನಿಂತುಹೋಗುತ್ತೆ. ಬೆಲ್ಟ್ ಹಾಕಿದ್ದಾರೆ ಅಂತ ಕಾರು ನಂಬುತ್ತೆ.

ಆ ಕಾರಿನಲ್ಲಿ ನಾನೂ ಒಂದು ಸಲ ಕೂತಿದ್ದೆ. ಮುಂದಿನ ಸೀಟಿನಲ್ಲಿ ಆ ಕ್ಲಿಪ್ ನೋಡಿದೆ. ತೆಗೆದು ಪಕ್ಕಕ್ಕಿಟ್ಟು ಬೆಲ್ಟ್ ಹಾಕ್ಕೊಂಡೆ. ಇಳಿಯುವಾಗ? ಇಳಿಯುವಾಗ ಅದನ್ನ ಅಲ್ಲೇ ಬಿಟ್ಟು ಬಂದೆ. ಮಾವನಿಗೆ ಬುದ್ಧಿ ಹೇಳೋದು ಹೇಗೆ ಅನ್ನೋ ಸಂಕೋಚ. ಅವರಿಗೆ ವಯಸ್ಸಾಗಿದೆ, ಹೊಸ ಕಾರಿನ ಖುಷಿಯಲ್ಲಿದ್ದಾರೆ ಅಂತ.

ಮೂರು ತಿಂಗಳಾದ ಮೇಲೆ ಮದುವೆ ಮುಗಿಸಿಕೊಂಡು ವಾಪಸ್ ಬರ್ತಿದ್ರು. ಹೈವೇ, ಮುಸ್ಸಂಜೆ. ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಒಂದು ಅಡ್ಡ ಬಂತು. ಮಾವ ಬ್ರೇಕ್ ಒತ್ತಿದ್ರು. ಗಾಡಿ ನಿಂತಿತು, ಟ್ರೈಲರ್‌ಗೆ ತಾಗಲೇ ಇಲ್ಲ. ಕಾರಿಗೆ ಒಂದು ಗೀರೂ ಇಲ್ಲ! ಆದರೆ ಪಕ್ಕದ ಸೀಟಿನಲ್ಲಿದ್ದ ಅತ್ತೆ ಡ್ಯಾಶ್‌ಬೋರ್ಡ್‌ಗೆ ಹೋಗಿ ಬಡಿದ್ರು. ಮುಂದಿನ ಎರಡು ಹಲ್ಲು ಹೋಯಿತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಇವತ್ತಿಗೂ ಚಪಾತಿ ಹಿಟ್ಟು ನಾದೋಕೆ ಆ ಕೈ ಬಗ್ಗಲ್ಲ. ಡಿಕ್ಕಿಯೇ ಆಗದ ಅಪಘಾತ ಅದು. ಬರೀ ಬ್ರೇಕ್.

ಅತ್ತೆ ಯಾವತ್ತೂ ನನಗೆ ಒಂದು ಮಾತು ಅಂದಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವರನ್ನ ನೋಡಿದಾಗ ನನಗೆ ಕಂಡಿದ್ದು ನಾನು ಬಿಟ್ಟು ಬಂದ ಆ ಕ್ಲಿಪ್. ದಿನಾ ರಾತ್ರಿ ಒಂಬತ್ತಕ್ಕೆ ಇಡೀ ರಾಜ್ಯಕ್ಕೆ ಬುದ್ಧಿ ಹೇಳ್ತೀನಿ. ನಮ್ಮ ಮನೆಯ ಕಾರಿನಲ್ಲಿ ಅರ್ಧ ನಿಮಿಷ ಬಾಯಿ ಬಿಡಲಿಲ್ಲ. ಇವತ್ತಿನ ಮಾತು ಆಡ್ತಿರೋದೇ ಅದಕ್ಕೆ.

ಆ ಕ್ಲಿಪ್ ಎಷ್ಟು ದೊಡ್ಡ ವ್ಯಾಪಾರ ಗೊತ್ತಾ? 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಇವುಗಳನ್ನ ತೆಗೆಸಿತು. ಒಟ್ಟು 13,118 ಪಟ್ಟಿಗಳು! ಕಂಪನಿ ಒಂದು ಸದ್ದನ್ನು ಸೇರಿಸಿ ಐದನೇ ಸ್ಟಾರ್ ಪಡೆಯುತ್ತೆ. ನಾವು ಒಂದು ಕ್ಲಿಪ್ ಹಾಕಿ ಆ ಸ್ಟಾರ್ ಅನ್ನು ಬಕಲ್ ಒಳಗೇ ಹೂತು ಹಾಕ್ತೀವಿ.

ಇನ್ನು ಹಿಂದಿನ ಸೀಟು. "ಹಿಂದೆ ಕೂತೋರಿಗೆ ಬೆಲ್ಟ್ ಯಾಕೆ?" ಅನ್ನೋರಿಗೆ ಒಂದು ನೆನಪು. 2022ರ ಸೆಪ್ಟೆಂಬರ್ 4. ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆ. ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ದುಬಾರಿ ಐಷಾರಾಮಿ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಇಬ್ಬರೂ ಉಳಿಯಲಿಲ್ಲ. ನೆಕ್ಸಾನ್ ಕಾನ್ಸೆಪ್ಟ್ ಆಗಿ ಹುಟ್ಟಿದಾಗ ಆ ಸಮೂಹದ ಅಧ್ಯಕ್ಷರಾಗಿದ್ದವರು ಅವರೇ. ಕಾರಿನ ಬೆಲೆ ಎಷ್ಟೇ ಇರಲಿ, ಬೆಲ್ಟ್ ಹಾಕಿದರೆ ಮಾತ್ರ ಕೆಲಸ ಮಾಡುತ್ತೆ.

ಅದೇ 2022ರಲ್ಲಿ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ, ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅದರಲ್ಲಿ ಚಾಲಕರು 8,384. ಪ್ರಯಾಣಿಕರು 8,331. ಹೆಚ್ಚುಕಡಿಮೆ ಸರಿಸಮ. ದಿನಕ್ಕೆ ಸರಾಸರಿ ಸುಮಾರು ನಲವತ್ತಾರು ಜನ. ಒಂದು ಬಸ್ ತುಂಬ ಜನ, ದಿನಾ.

ಮಕ್ಕಳ ವಿಷಯ ಇನ್ನೂ ಗಂಭೀರ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ, ಚಲಿಸುವ ಕಾರಿನ ಸನ್‌ರೂಫಿನಿಂದ ತಲೆ ಹೊರಗೆ ಹಾಕಿ ನಿಂತಿದ್ದ ಪುಟ್ಟ ಹುಡುಗನ ತಲೆ ರಸ್ತೆಗೆ ಅಡ್ಡ ಹಾಕಿದ್ದ ಎತ್ತರ ತಡೆಯ ಕಂಬಿಗೆ ಬಡಿಯಿತು. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಸನ್‌ರೂಫ್ ಬೆಳಕಿಗೆ ಇರೋದು, ಮಕ್ಕಳನ್ನು ನಿಲ್ಲಿಸೋಕಲ್ಲ. ಇನ್ನು ಮಡಿಲಲ್ಲಿ ಕೂರಿಸಿಕೊಂಡರೆ ಸೇಫ್ ಅಂದ್ಕೊಂಡಿದ್ದೀರಾ? ಲೆಕ್ಕ ನೋಡಿ. 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕೆ.ಜಿ. ಮಗು ನಿಮ್ಮ ಕೈಯನ್ನು ಎಳೆಯೋದು ಸುಮಾರು 140 ಕೆ.ಜಿ. ಭಾರದಲ್ಲಿ. ಹೆಚ್ಚುಕಡಿಮೆ ಮೂರು ಅಕ್ಕಿ ಮೂಟೆ. ಯಾವ ತಾಯಿಯ ಪ್ರೀತಿಗೂ ಅಷ್ಟು ಹಿಡಿಯೋ ಶಕ್ತಿ ಇಲ್ಲ. ಅದಕ್ಕೇ ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಅನ್ನೋ ಕೊಂಡಿ ಕೊಟ್ಟಿರ್ತಾರೆ, ಮಗುವಿನ ಸೀಟನ್ನು ಕಾರಿನ ಮೈಗೇ ಕಟ್ಟೋಕೆ. ಅದು ಎಲ್ಲಿದೆ ಅಂತ ಹುಡುಕಿದವರು ನಮ್ಮಲ್ಲಿ ಎಷ್ಟು ಜನ?

ಸರಿ, ನಾಳೆ ಶೋರೂಮಿಗೆ ಹೋಗೋರಿಗೆ, ಡೆಲಿವರಿ ತಗೊಳ್ಳೋರಿಗೆ ಐದು ಮಾತು.

ಒಂದು, ಟಾಪ್ ಮಾಡೆಲ್ ತೋರಿಸೋಕೆ ಬಂದರೆ, ಮೊದಲು ಬೇಸ್ ಮಾಡೆಲ್‌ನಲ್ಲಿ ಏನಿದೆ ತೋರಿಸಿ ಅನ್ನಿ. ಏರ್‌ಬ್ಯಾಗ್ ಎಷ್ಟು, ಇಎಸ್‌ಪಿ ಇದೆಯಾ, ಐದೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಇದೆಯಾ. ಅಲ್ಲಿ ಇವಿಲ್ಲ ಅಂದ್ರೆ ಬೇರೆ ಕಾರು ನೋಡಿ.

ಎರಡು, ಸ್ಟಾರ್ ಎಷ್ಟು ಅಂತ ಮಾತ್ರ ಕೇಳಬೇಡಿ. ಯಾವ ವರ್ಷದ ಪರೀಕ್ಷೆ, ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಅಂತ ಕೇಳಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅಂಕಗಳು ಎಲ್ಲರಿಗೂ ಸಿಗ್ತವೆ.

ಮೂರು, ಮುಂದಿನ ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇದ್ದರೆ, ಸಿಕ್ಕ ಸಿಕ್ಕ ಸೀಟ್ ಕವರ್ ಹಾಕಿಸಬೇಡಿ. ಹೊಲಿದು ಮುಚ್ಚಿದ ಕವರ್ ಒಳಗಿಂದ ಅದು ಹೊರಗೆ ಬರೋದು ಹೇಗೆ? ಆ ಜಾಗ ಬಿಟ್ಟು ಹೊಲಿದ ಕವರ್ ಮಾತ್ರ ಹಾಕಿಸಿ.

ನಾಲ್ಕು, ಹಿಂದಿನ ಸೀಟಿನ ಬಕಲ್‌ಗಳನ್ನು ಹುಡುಕಿ ಮೇಲೆ ತನ್ನಿ. ಸೀಟಿನ ಸಂದಿಯಲ್ಲಿ, ಕವರ್ ಕೆಳಗೆ ಹೂತುಹೋಗಿರ್ತವೆ. 2025ರ ಏಪ್ರಿಲ್‌ನಿಂದ ಹಿಂದಿನ ಸೀಟಿಗೂ ಎಚ್ಚರಿಕೆ ಸದ್ದು ಕಡ್ಡಾಯ ಆಗಿದೆ. ಅದನ್ನ ಕಿರಿಕಿರಿ ಅನ್ನಬೇಡಿ.

ಐದು, ಕ್ಲಿಪ್ ಕಂಡರೆ ತೆಗೆದು ಎಸೆಯಿರಿ. ನಿಮ್ಮ ಕಾರಿನಲ್ಲಿ ಮಾತ್ರ ಅಲ್ಲ. ಮಾವನ ಕಾರಿನಲ್ಲಿ, ಬಾಸ್ ಕಾರಿನಲ್ಲಿ, ಬೀಗರ ಕಾರಿನಲ್ಲಿ. ಸಂಕೋಚ ಬೇಡ. ನಾನು ಸಂಕೋಚ ಪಟ್ಟಿದ್ದಕ್ಕೆ ಏನಾಯಿತು ಅಂತ ಹೇಳಿದ್ದೀನಲ್ಲ.

ಮೂರು ಬಿಂದುವಿನ ಈ ಬೆಲ್ಟ್ ಕಂಡುಹಿಡಿದಿದ್ದು ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಆ ಕಂಪನಿ ಪೇಟೆಂಟ್ ಅನ್ನು ಎಲ್ಲ ಕಾರು ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅರವತ್ತು ವರ್ಷದ ಮೇಲಾಯಿತು. ಸ್ಕ್ರೀನ್ ಎಷ್ಟು ಇಂಚು ಬೆಳೆದರೂ, ಕಾರು ಕನ್ನಡದಲ್ಲೇ ಮಾತಾಡಿದರೂ, ಅದಕ್ಕಿಂತ ದೊಡ್ಡ ಫೀಚರ್ ಕಾರಿನೊಳಗೆ ಇನ್ನೂ ಬಂದಿಲ್ಲ. ಅದೂ ಎಲ್ಲ ಮಾಡೆಲ್‌ಗೂ ಫ್ರೀ. ಹಾಕೋಕೆ ಎರಡು ಸೆಕೆಂಡ್.

ನಾಳೆ ಬೆಳಗ್ಗೆ ಕಾರು ತೊಳೀತೀರಿ. ಬಾನೆಟ್ಟಿಗೆ ಹೂವಿನ ಹಾರ ಹಾಕ್ತೀರಿ. ಸ್ಟೇರಿಂಗಿಗೆ ಅರಿಶಿನ ಕುಂಕುಮ ಇಡ್ತೀರಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡ್ತೀರಿ. ಕುಂಬಳಕಾಯಿ ಒಡೆದ ಮೇಲೆ ಅದನ್ನ ರಸ್ತೆಯಲ್ಲಿ ಬಿಡಬೇಡಿ, ಬೈಕ್‌ನವರು ಜಾರಿ ಬೀಳ್ತಾರೆ. ಇಷ್ಟೆಲ್ಲ ಮಾಡುವಾಗ ನನ್ನದೊಂದು ಕೋರಿಕೆ. ಐದು ಸೀಟಿನ ಐದು ಬಕಲ್ ಇವೆಯಲ್ಲ, ಅವಕ್ಕೂ ಒಂದೊಂದು ಬೊಟ್ಟು ಕುಂಕುಮ ಇಡಿ. ಆಯುಧ ಅಂದ್ರೆ ನಮ್ಮನ್ನ ಕಾಪಾಡೋದು ತಾನೇ? ಆ ಕಾರಿನಲ್ಲಿ ನಿಮ್ಮ ನಿಜವಾದ ಆಯುಧ ಅದೇ.

ನಮ್ಮ ಅತ್ತೆ ಈ ಕಾರ್ಯಕ್ರಮ ನೋಡ್ತಿರ್ತಾರೆ. ಅತ್ತೆ, ಆವತ್ತು ಹೇಳಬೇಕಾದ್ದನ್ನ ಇವತ್ತು ಹೇಳಿದ್ದೀನಿ. ತಡವಾಯಿತು.

ಎಲ್ಲರಿಗೂ ಆಯುಧಪೂಜೆ, ವಿಜಯದಶಮಿಯ ಶುಭಾಶಯ. ಹುಷಾರಾಗಿ ಹೋಗಿ, ಹುಷಾರಾಗಿ ಮನೆಗೆ ಬನ್ನಿ.